ಎಣ್ಣೆಯ ಜ್ವರ ನೋಡುವ ಮುಳ್ಳು

ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1950ರ ಮಾರ್ಚ್ ತಿಂಗಳಲ್ಲಿ ತಯಾರಿಸತೊಡಗಿದ ಟೈಪ್ 2 ವ್ಯಾನು, ವೆಸ್ಟ್‌ಫಾಲಿಯಾದಂಥ ಗಾಡಿಕಟ್ಟುವ ಸಂಸ್ಥೆಗಳ ಕೈಯಲ್ಲಿ ಹಾಸಿಗೆ, ಒಲೆ, ಬೀರು, ನೀರಿನ ತೊಟ್ಟಿಗಳನ್ನು ತುಂಬಿಕೊಂಡು ಸಂಚಾರಿ ಮನೆಯಾಯಿತು. ಕ್ಯಾಂಪರ್ ವ್ಯಾನ್ ಎಂದೊಡನೆ ಯುರೋಪು ಅಮೆರಿಕಗಳಲ್ಲಿ ಇಂದಿಗೂ ಬಹಳ ಮಂದಿಯ ಕಣ್ಣಮುಂದೆ ಬರುವುದು ಈ ದುಂಡುಮುಖದ ಗಾಡಿಯೇ. ಇದರ ಡ್ಯಾಶ್‌ಬೋರ್ಡಿನಲ್ಲಿ ವೇಗ ತೋರಿಸುವ ಮೀಟರು ಇತ್ತು, ಕಾಲಕ್ರಮದಲ್ಲಿ ಪೆಟ್ರೋಲಿನ ಮಟ್ಟ ತೋರಿಸುವ ಮೀಟರೂ ಬಂತು, ಆದರೆ ಇಂಜಿನ್ ಎಷ್ಟು ಕಾದಿದೆ ಎಂದು ತಿಳಿಸುವ ಯಾವ ಸಾಧನವನ್ನೂ ತಯಾರಕರು ಅಲ್ಲಿ ಕೂರಿಸಲಿಲ್ಲ. ಗಾಳಿಯಿಂದ ತಂಪಾಗುವ ಈ ಇಂಜಿನ್ನಿನಲ್ಲಿ ನೀರೇ ಇಲ್ಲದ ಕಾರಣ ನೀರಿನ ತಾಪಮಾನದ ಮೀಟರು ಬೇಕಿರಲಿಲ್ಲವೆಂಬುದು ಸರಿ. ಗಾಳಿ ಕುದಿಯುವುದೂ ಇಲ್ಲ, ಹೆಪ್ಪುಗಟ್ಟುವುದೂ ಇಲ್ಲ ಎಂಬುದನ್ನೇ ಕಂಪನಿ ತನ್ನ ಜಾಹೀರಾತಿನ ಬಂಡವಾಳ ಮಾಡಿಕೊಂಡಿತ್ತು. ಆದರೆ ಗಾಳಿ ಕುದಿಯದಿದ್ದರೂ ಎಣ್ಣೆ ಸೋಲುತ್ತದೆ. ಅದೇ ವಂಶದ ಪೋರ್ಷೆ ಕಾರುಗಳಲ್ಲಿ ಎಣ್ಣೆಯ ತಾಪಮಾನ ತೋರಿಸುವ ಮೀಟರು ಮೊದಲಿನಿಂದ ಇದ್ದು, ಅವುಗಳಿಗಿಂತ ಹೆಚ್ಚು ಭಾರ ಹೊರುವ ವ್ಯಾನಿಗೆ ಅದನ್ನು ಕೊಡದೆ ಬಿಟ್ಟದ್ದು ಉಳಿತಾಯದ ಲೆಕ್ಕವೇ ಹೊರತು ಯಂತ್ರಶಾಸ್ತ್ರದ ತೀರ್ಮಾನವಲ್ಲ ಎನ್ನಬೇಕಾಗುತ್ತದೆ.

ಗಾಳಿಯಿಂದ ತಂಪಾಗುವ ಇಂಜಿನ್ ಎಂಬ ಮಾತಿನಲ್ಲೇ ಅರ್ಧ ಸತ್ಯವಿದೆ. ಕರ್ನಾಟಕದ ಬೀದಿಗಳಲ್ಲಿ ಓಡುವ ಆಟೋರಿಕ್ಷಾದ ಹಿಂಬದಿಯಲ್ಲಿ ತಗಡಿನ ಕವಚದೊಳಗೆ ಫ್ಯಾನೊಂದು ತಿರುಗಿ ಸಿಲಿಂಡರಿನ ಮೇಲೆ ಗಾಳಿ ದೂಡುವುದನ್ನು ನೋಡಿದವರಿಗೆ ಈ ವ್ಯಾನಿನ ವ್ಯವಸ್ಥೆ ಹೊಸದಲ್ಲ. ಇಲ್ಲಿಯೂ ಇಂಜಿನ್ ಹಿಂಬದಿಯಲ್ಲಿದ್ದು, ಎರಡೆರಡು ಸಿಲಿಂಡರುಗಳು ಎಡಕ್ಕೂ ಬಲಕ್ಕೂ ಅಡ್ಡಲಾಗಿ ಮಲಗಿರುತ್ತವೆ, ಅವುಗಳ ಮೇಲಿನ ಫ್ಯಾನು ಹೊರಗಿನ ಗಾಳಿಯನ್ನು ಎಳೆದು ಸಿಲಿಂಡರಿನ ರೆಕ್ಕೆಗಳ ಸಂದಿನಿಂದ ಕೆಳಕ್ಕೆ ನೂಕುತ್ತದೆ. ಆದರೆ ಗಾಳಿ ತಲುಪುವುದು ಹೊರಮೈಗೆ ಮಾತ್ರ. ಪಿಸ್ಟನ್ನಿನ ಅಡಿಭಾಗ, ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳು, ವಾಲ್ವುಗಳ ಸುತ್ತಲಿನ ಬಿಸಿ, ಇವನ್ನೆಲ್ಲ ಹೊತ್ತು ತರುವ ಕೂಲಿ ಎಣ್ಣೆಯದು; ಹೊತ್ತು ತಂದದ್ದನ್ನು ಅದು ಕವಚದೊಳಗೇ ಇರುವ ಪುಟ್ಟ ಆಯಿಲ್ ಕೂಲರಿನಲ್ಲಿ, ಅಂದರೆ ರೇಡಿಯೇಟರಿನಂಥ ಸಣ್ಣ ಪೆಟ್ಟಿಗೆಯಲ್ಲಿ, ಅದೇ ಫ್ಯಾನಿನ ಗಾಳಿಗೆ ಒಪ್ಪಿಸುತ್ತದೆ. 1600 ಸಿಸಿ ಇಂಜಿನ್ನಿನಲ್ಲಿ ಈ ಕೆಲಸಕ್ಕೆಲ್ಲ ಇರುವ ಎಣ್ಣೆ ಎರಡೂವರೆ ಲೀಟರು ಮಾತ್ರ, ಮತ್ತು ಅದನ್ನು ಸೋಸಲು ಇರುವುದು ಬದಲಿಸಬಹುದಾದ ಫಿಲ್ಟರಲ್ಲ, ಬರಿಯ ತಂತಿ ಜಾಲರಿ. ಸಾಮಾನು ಸರಂಜಾಮು ಸೇರಿ 2 ಟನ್ ದಾಟುವ ಗಾಡಿಯನ್ನು ಸುಮಾರು 50 ಅಶ್ವಶಕ್ತಿಯ ಇಂಜಿನ್ ಗಂಟೆಗಟ್ಟಲೆ ಎಳೆಯುವಾಗ ಈ ಎರಡೂವರೆ ಲೀಟರಿನ ಮೇಲೆ ಬೀಳುವ ಹೊರೆ ಎಷ್ಟೆಂಬುದನ್ನು ಊಹಿಸಬಹುದು.

ಬಿಸಿಯಾದ ಎಣ್ಣೆಗೆ ಏನಾಗುತ್ತದೆ ಎಂಬುದು ಅಡುಗೆಮನೆಯಲ್ಲೇ ಕಾಣುವ ಸಂಗತಿ: ತಣ್ಣಗಿರುವಾಗ ನಿಧಾನವಾಗಿ ಇಳಿಯುವ ಎಣ್ಣೆ ಬಾಣಲೆಯಲ್ಲಿ ಕಾದೊಡನೆ ನೀರಿನಂತೆ ಓಡಾಡುತ್ತದೆ. ಹರಿವಿಗೆ ದ್ರವ ಒಡ್ಡುವ ಈ ಒಳತಡೆಗೆ ಸ್ನಿಗ್ಧತೆ ಎಂದು ಹೆಸರು, ಸೆಂಟಿಸ್ಟೋಕ್ ಎಂಬುದು ಅದರ ಅಳತೆ. ಇಂಥ ಇಂಜಿನ್ನುಗಳಲ್ಲಿ ಬಹಳವಾಗಿ ಬಳಸುವ 20ಡಬ್ಲ್ಯು-50 ದರ್ಜೆಯ ಎಣ್ಣೆಯ ಸ್ನಿಗ್ಧತೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಸುಮಾರು 160 ಸೆಂಟಿಸ್ಟೋಕ್ ಇದ್ದರೆ, 100 ಡಿಗ್ರಿಯಲ್ಲಿ 18ರ ಆಸುಪಾಸಿಗೆ ಇಳಿಯುತ್ತದೆ, 130 ಡಿಗ್ರಿಗೆ ಹೋದಾಗ ಅದರಲ್ಲೂ ಅರ್ಧವಾಗುತ್ತದೆ. ಕ್ರ್ಯಾಂಕ್‌ಶಾಫ್ಟು ತಿರುಗುವಾಗ ಬೇರಿಂಗಿನ ಲೋಹಕ್ಕೆ ಲೋಹ ತಾಗದಂತೆ ಎತ್ತಿಹಿಡಿಯುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆ. ಸ್ನಿಗ್ಧತೆ ಇಳಿದಷ್ಟೂ ಈ ಪೊರೆ ತೆಳ್ಳಗಾಗುತ್ತದೆ. ಇದರ ಜೊತೆಗೆ 1600ರ ಇಂಜಿನ್ನಿನ ಒಡಲನ್ನು ಎರಕ ಹೊಯ್ದಿರುವುದು ಮೆಗ್ನೀಸಿಯಂ ಮಿಶ್ರಲೋಹದಲ್ಲಿ. ಅದು ಉಕ್ಕಿನ ಕ್ರ್ಯಾಂಕ್‌ಶಾಫ್ಟಿಗಿಂತ ಹೆಚ್ಚು ಹಿಗ್ಗುವುದರಿಂದ, ಇಂಜಿನ್ ಕಾದಂತೆ ಬೇರಿಂಗಿನ ಸುತ್ತಲಿನ ಸಂದು ಅಗಲವಾಗಿ, ತೆಳ್ಳಗಾದ ಎಣ್ಣೆ ಆ ಅಗಲವಾದ ಸಂದಿನಿಂದ ಇನ್ನೂ ಸಲೀಸಾಗಿ ಜಾರಿಹೋಗುತ್ತದೆ. ಎರಡು ದೌರ್ಬಲ್ಯಗಳು ಒಂದೇ ಹೊತ್ತಿನಲ್ಲಿ ಕೈಜೋಡಿಸುವ ಈ ಸ್ಥಿತಿಯಲ್ಲಿ ಎಣ್ಣೆಯ ಒತ್ತಡ ಕುಸಿಯುತ್ತದೆ.

ಒತ್ತಡ ಕುಸಿದಾಗ ಎಚ್ಚರಿಸಲು ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ದೀಪವೊಂದಿದೆಯಲ್ಲ ಎಂದು ಕೇಳಬಹುದು. ಆ ದೀಪವನ್ನು ಹೊತ್ತಿಸುವ ಸ್ವಿಚ್ಚು ಎಚ್ಚರಗೊಳ್ಳುವುದು ಒತ್ತಡವು ಅರ್ಧ ಬಾರ್‌ಗಿಂತಲೂ ಕೆಳಗಿಳಿದ ಮೇಲೆ. ಒಂದು ಬಾರ್ ಎಂದರೆ ಸಮುದ್ರಮಟ್ಟದಲ್ಲಿ ವಾತಾವರಣ ಹೇರುವಷ್ಟು ಒತ್ತಡ. ಇಂಜಿನ್ನಿನ ಪ್ರತಿ ಸಾವಿರ ಸುತ್ತಿಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್ ಒತ್ತಡವಾದರೂ ಇರಬೇಕೆಂಬುದು ಮೆಕ್ಯಾನಿಕ್‌ಗಳು ಹೇಳಿಕೊಂಡು ಬಂದ ಲೆಕ್ಕ. ಈ ಲೆಕ್ಕದಂತೆ 3000 ಸುತ್ತಿನಲ್ಲಿ 2 ಬಾರ್ ಬೇಕಾದ ಕಡೆ ಒಂದೇ ಬಾರ್ ಉಳಿದಿದ್ದರೂ ದೀಪ ಮೌನವಾಗಿಯೇ ಇರುತ್ತದೆ. ಊರು ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕಾವಲುಗಾರ ಅದು. ತಾಪಮಾನದ ಮೀಟರು ಇದಕ್ಕಿಂತ ಎಷ್ಟೋ ಮೊದಲೇ ಸುಳಿವು ಕೊಡುತ್ತದೆಂಬುದರಿಂದಲೇ, ಇಂಥ ವ್ಯಾನುಗಳನ್ನು ಇಂದಿಗೂ ದೂರದ ದಾರಿಯಲ್ಲಿ ಓಡಿಸುವವರು ಮೊದಲು ಸೇರಿಸಿಕೊಳ್ಳುವ ಸಾಧನಗಳಲ್ಲಿ ಅದೂ ಒಂದು.

ಎಷ್ಟು ಬಿಸಿ ಸರಿ, ಎಷ್ಟು ಹೆಚ್ಚು ಎಂಬುದಕ್ಕೆ ಒಂದೇ ಗೆರೆ ಎಳೆಯಲಾಗದಿದ್ದರೂ, 80ರಿಂದ 110 ಡಿಗ್ರಿಯ ನಡುವೆ ಎಣ್ಣೆ ನೆಮ್ಮದಿಯಾಗಿದೆ, 120 ದಾಟಿದರೆ ಚಾಲಕ ಏನಾದರೂ ಮಾಡಬೇಕು, 130 ಮುಟ್ಟಿದರೆ ಗಾಡಿ ನಿಲ್ಲಿಸುವ ಜಾಗ ಹುಡುಕಬೇಕು ಎಂಬ ಮಟ್ಟಿಗೆ ಒಮ್ಮತವಿದೆ. ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಕೆಡುವ ಕ್ರಿಯೆಯ ವೇಗ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ, 120ರಲ್ಲಿ ಓಡಿದ ಎಣ್ಣೆ 100ರಲ್ಲಿ ಓಡಿದ್ದಕ್ಕಿಂತ ನಾಲ್ಕು ಪಟ್ಟು ಬೇಗ ಮುದಿಯಾಗುತ್ತದೆ. 5000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಬೇಕೆಂಬ ಹಳೆಯ ಸೂಚನೆಯನ್ನು ಬೇಸಿಗೆಯ ದೀರ್ಘ ಪ್ರವಾಸದ ನಂತರ ಇನ್ನಷ್ಟು ಬಿಗಿ ಮಾಡಿಕೊಳ್ಳುವುದು ಒಳ್ಳೆಯದು. ಬಿಸಿ ಕಡಿಮೆಯಾದರೂ ಕೇಡೇ. ಪೆಟ್ರೋಲು ಉರಿದಾಗ ಹುಟ್ಟುವ ನೀರಾವಿಯ ಒಂದಂಶ ಪಿಸ್ಟನ್ ದಾಟಿ ಕೆಳಗಿಳಿದು ಎಣ್ಣೆಯಲ್ಲಿ ಬೆರೆಯುತ್ತದೆ, ಎಣ್ಣೆ ಸಾಕಷ್ಟು ಕಾಯದಿದ್ದರೆ ಅದು ಆರಿಹೋಗುವುದಿಲ್ಲ. ಚಳಿಗಾಲದಲ್ಲಿ ನಾಲ್ಕು ಹೆಜ್ಜೆ ದೂರದ ಅಂಗಡಿಗಷ್ಟೇ ಓಡಾಡಿದ ವ್ಯಾನಿನ ಎಣ್ಣೆ ತುಂಬುವ ಬಾಯಿಯ ಮುಚ್ಚಳ ತೆರೆದರೆ ಒಳಗೆ ಕಡೆದ ಬೆಣ್ಣೆಯಂಥ ಬಿಳಿಚು ಜಿಡ್ಡು ಅಂಟಿಕೊಂಡಿರುವುದು ಇದರಿಂದಲೇ.

ಮೀಟರು ಕೊಳ್ಳುವುದು ಸುಲಭ. ಅದರ ಸೆನ್ಸರನ್ನು ಎಲ್ಲಿ ಕೂರಿಸುವುದೆಂಬುದೇ ನಿಜವಾದ ಪ್ರಶ್ನೆ, ಏಕೆಂದರೆ ಒಂದೇ ಇಂಜಿನ್ನಿನೊಳಗೆ ಒಂದೇ ಹೊತ್ತಿನಲ್ಲಿ ಎಣ್ಣೆಗೆ ಹಲವು ತಾಪಮಾನಗಳಿರುತ್ತವೆ. ಎಲ್ಲಕ್ಕಿಂತ ಸರಳವಾದದ್ದು ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನ ಜಾಗಕ್ಕೆ ತುದಿಯಲ್ಲಿ ಸೆನ್ಸರ್ ಇರುವ ಬೇರೊಂದು ಕಡ್ಡಿಯನ್ನು ಇಳಿಬಿಡುವುದು. ಏನನ್ನೂ ಬಿಚ್ಚಬೇಕಿಲ್ಲ, ಕೊರೆಯಬೇಕಿಲ್ಲ. ಆದರೆ ಕಡ್ಡಿಯ ಉದ್ದ ಹಳೆಯದಕ್ಕೆ ಸರಿಯಾಗಿ ಹೊಂದಬೇಕು. ಎಣ್ಣೆ ಬಹಳ ಇಳಿದಿದ್ದರೆ ತುದಿ ಎಣ್ಣೆಯಲ್ಲಿ ಮುಳುಗದೆ ಮೇಲಿನ ಆವಿಯಲ್ಲಿ ತೂಗಾಡಿ, ಇಂಜಿನ್ ಸಂಕಟದಲ್ಲಿರುವ ಹೊತ್ತಿನಲ್ಲೇ ಮುಳ್ಳು ಸಮಾಧಾನದ ಸುದ್ದಿ ಹೇಳಬಹುದು. ಸಾಲದ್ದಕ್ಕೆ ಈ ಬಗೆಯ ಸೆನ್ಸರಿಗೆ ಅರ್ತ್ ಸಿಗುವುದು ಕಡ್ಡಿ ಕೊಳವೆಗೆ ತಾಗುವ ಜಾಗದಲ್ಲಿ, ಅಲ್ಲಿ ಬಣ್ಣ ಅಥವಾ ಜಿಡ್ಡು ಕೂತಿದ್ದರೆ ಮುಳ್ಳು ಏಳುವುದೇ ಇಲ್ಲ.

ಎರಡನೆಯ ಜಾಗ ಇಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿ, ಅಂದರೆ ಸಂಪು. ಅದರ ತಟ್ಟೆಗೆ ಕೂರಿಸಿದ ಸೆನ್ಸರು ಸದಾ ಎಣ್ಣೆಯಲ್ಲಿ ಮುಳುಗಿರುತ್ತದೆಂಬುದು ದೊಡ್ಡ ಅನುಕೂಲ. ಆದರೆ ಗಾಡಿ ಓಡುವಾಗ ಆ ತಟ್ಟೆಗೆ ಹೊರಗಿನ ಗಾಳಿ ಬಡಿಯುತ್ತಿರುವುದರಿಂದ ಸೆನ್ಸರಿನ ಲೋಹದ ಮೈ ತುಸು ತಂಪಾಗಿ ನಾಲ್ಕಾರು ಡಿಗ್ರಿ ಕಡಿಮೆ ತೋರಿಸಬಹುದು, ಹಳ್ಳಕೊಳ್ಳದ ದಾರಿಯಲ್ಲಿ ಕಲ್ಲು ತಾಗಿ ಮುರಿಯಲೂಬಹುದು. ಮೂರನೆಯದು ಒತ್ತಡದ ದೀಪದ ಸ್ವಿಚ್ಚು ಇರುವ ರಂಧ್ರ. ಅಲ್ಲಿ ಹರಿಯುವ ಎಣ್ಣೆಯೇ ಸಿಗುತ್ತದೆಂದು ಭಾವಿಸಿ ಮೂರು ಬಾಯಿಯ ಟೀ ಜೋಡಿಸಿ ಸ್ವಿಚ್ಚನ್ನೂ ಸೆನ್ಸರನ್ನೂ ಒಟ್ಟಿಗೆ ಕೂರಿಸುವವರಿದ್ದಾರೆ, ಆದರೆ ಟೀಯ ಮೊಂಡು ಕವಲಿನೊಳಗೆ ಎಣ್ಣೆ ಹರಿಯದೆ ನಿಂತೇ ಇರುತ್ತದೆ. ಒತ್ತಡವೇನೋ ಅಲ್ಲಿಗೂ ಮುಟ್ಟುತ್ತದೆ, ಬಿಸಿ ಮುಟ್ಟುವುದಿಲ್ಲ. ಮೂರನ್ನೂ ತೂಗಿ ನೋಡಿದರೆ ಸಂಪಿನ ಸೆನ್ಸರೇ ಮೇಲು. ಇನ್ನು ಡಿಪ್‌ಸ್ಟಿಕ್ ಎಳೆದು ಬೆರಳಿನಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಇಂಜಿನ್ ಕೆಟ್ಟಿತೆಂದು ತಿಳಿಯುವ ಹಳೆಯ ಪದ್ಧತಿಯೊಂದಿದೆ, ಅದರಿಂದ ಸುಡುವುದು ಬೆರಳು ಮಾತ್ರ: 90 ಡಿಗ್ರಿಗೂ 120 ಡಿಗ್ರಿಗೂ ಇರುವ ವ್ಯತ್ಯಾಸ ಯಾರ ಬೆರಳಿಗೂ ತಿಳಿಯದು.

ಸೆನ್ಸರಿನೊಳಗೆ ಇರುವುದು ಥರ್ಮಿಸ್ಟರ್ ಎಂಬ ಪುಟ್ಟ ಗುಳಿಗೆ. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ, ಆ ಇಳಿತವನ್ನೇ ಮೀಟರು ಡಿಗ್ರಿಯ ಭಾಷೆಗೆ ತಿರುಗಿಸುತ್ತದೆ. 50ರಿಂದ 150 ಡಿಗ್ರಿಯವರೆಗೆ ತೋರಿಸುವ ಮೀಟರಿನ ಜೋಡಿ ಸೆನ್ಸರಿನಲ್ಲಿ ರೋಧವು 50 ಡಿಗ್ರಿಯಲ್ಲಿ 300 ಓಮ್‌ಗೂ ಮೇಲಿದ್ದದ್ದು 150ಕ್ಕೆ ಬರುವಷ್ಟರಲ್ಲಿ 20 ಓಮ್‌ಗಿಂತ ಕೆಳಗಿಳಿದಿರುತ್ತದೆ. 120ರವರೆಗಿನ ಮೀಟರಿನ ಸೆನ್ಸರು ಬೇರೆಯೇ ಲೆಕ್ಕದ್ದು. ನೋಡಲು ಎರಡೂ ಒಂದೇ ಬಗೆಯ ಹಿತ್ತಾಳೆಯ ಬೋಲ್ಟಿನಂತಿದ್ದು, ಅದಲುಬದಲಾದರೆ ಮೀಟರು ಆತ್ಮವಿಶ್ವಾಸದಿಂದಲೇ ಸುಳ್ಳು ಹೇಳತೊಡಗುತ್ತದೆ. ಆದ್ದರಿಂದ ಕೂರಿಸುವ ಮೊದಲು ಸೆನ್ಸರನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ತಂತಿಯಿಂದ ಇಳಿಬಿಟ್ಟು, ಅದರ ಮೈಯಿಂದ ಅರ್ತಿಗೂ ತುದಿಯಿಂದ ಮೀಟರಿಗೂ ತಂತಿ ಕೊಟ್ಟು ಮುಳ್ಳು ಎಲ್ಲಿ ನಿಲ್ಲುತ್ತದೆಂದು ಗುರುತಿಸಿಕೊಳ್ಳುವುದು ಅರ್ಧ ಗಂಟೆಯ ಕೆಲಸ. ಸಮುದ್ರಮಟ್ಟದ ಮಂಗಳೂರಿನಲ್ಲಿ ಆ ನೀರು 100 ಡಿಗ್ರಿಯಲ್ಲಿ ಕುದಿದರೆ, 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ 97ರ ಸುಮಾರಿಗೇ ಕುದಿಯುತ್ತದೆಂಬುದನ್ನು ಮರೆತರೆ ಒಳ್ಳೆಯ ಸೆನ್ಸರನ್ನೇ ಕೆಟ್ಟದ್ದೆಂದು ಎಸೆದ ಹಾಗಾಗುತ್ತದೆ.

ತಂತಿಯ ವಿಷಯದಲ್ಲೂ ಎಚ್ಚರ ಬೇಕು. ಇಂಜಿನ್ ಹಿಂದೆ, ಮೀಟರು ಮುಂದೆ. ನಡುವೆ ಗಾಡಿಯ ಉದ್ದಕ್ಕೂ ತಂತಿ ಎಳೆಯಬೇಕಾದ್ದರಿಂದ, ಅದು ಎಲ್ಲಾದರೂ ತುಂಡಾದರೆ ಮುಳ್ಳು ತಣ್ಣನೆಯ ಕೊನೆಯಲ್ಲಿ ಬಿದ್ದಿರುತ್ತದೆ, ಹೊದಿಕೆ ಸವೆದು ಗಾಡಿಯ ಮೈಗೆ ತಾಗಿದರೆ ಬಿಸಿಯ ಕೊನೆಗೆ ಹಾರಿ ನಿಲ್ಲುತ್ತದೆ. ನಿಜವಾದ ಎಣ್ಣೆ ಎಂದೂ ಹಾಗೆ ಹಾರುವುದಿಲ್ಲವೆಂಬುದೇ ಈ ಸುಳ್ಳನ್ನು ಹಿಡಿಯುವ ಉಪಾಯ. ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಕದಲಿದರೆ ದೋಷ ಮೀಟರಿನ ಅರ್ತಿನಲ್ಲಿದೆಯೆಂದು ತಿಳಿಯಬೇಕು. ತೀರ ಹಳೆಯ ವ್ಯಾನುಗಳು 6 ವೋಲ್ಟಿನವು, 12 ವೋಲ್ಟಿನ ಮೀಟರು ಅವಕ್ಕೆ ಒಗ್ಗದು.

ಇಷ್ಟೆಲ್ಲ ಸರಿಯಾದ ಮೇಲೆ ಮುಳ್ಳನ್ನು ಓದುವ ಕಲೆ ಬರುತ್ತದೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಿಂದ ಇಟಲಿಯ ಗಡಿಯಲ್ಲಿರುವ ಬ್ರೆನ್ನರ್ ಕಣಿವೆದಾರಿಯವರೆಗಿನ ಏರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬೇಸಿಗೆ ರಜೆಯಲ್ಲಿ ದಕ್ಷಿಣದ ಬಿಸಿಲು ಅರಸಿ ಹೊರಟ ಜರ್ಮನ್ ಕುಟುಂಬಗಳ ಕ್ಯಾಂಪರ್ ವ್ಯಾನುಗಳು ದಶಕಗಳಿಂದ ಹತ್ತುತ್ತ ಬಂದಿರುವ ಈ ದಾರಿ ಸುಮಾರು 570 ಮೀಟರಿನಿಂದ 1370 ಮೀಟರಿನ ಎತ್ತರಕ್ಕೆ ಏರುತ್ತದೆ. ಏರು ಆರಂಭವಾದ ಮೊದಲ ಕೆಲವು ನಿಮಿಷ ಮುಳ್ಳು ಕದಲುವುದೇ ಇಲ್ಲ, ಏಕೆಂದರೆ ಸಿಲಿಂಡರಿನ ತಲೆ ಕೂಡಲೇ ಕಾದರೂ ಅದರ ಬಿಸಿ ಎಣ್ಣೆಗೆ ಇಳಿದು ಸಂಪು ತಲುಪಲು ಹೊತ್ತು ಹಿಡಿಯುತ್ತದೆ. ಹೀಗಾಗಿ ಎಣ್ಣೆಯ ಮೀಟರು ಹೇಳುವುದು ಈ ಕ್ಷಣದ ಕತೆಯಲ್ಲ, ಹತ್ತು ನಿಮಿಷದ ಹಿಂದಿನಿಂದ ಕೂಡಿಟ್ಟ ಲೆಕ್ಕ. ಮುಳ್ಳು 120ಕ್ಕೆ ಬಂದ ಮೇಲೆ ಕಾಲು ಸಡಿಲಿಸಿದರೂ ಅದು ಇನ್ನಷ್ಟು ಏರಿಯೇ ಇಳಿಯುತ್ತದೆ. ಅನುಭವಿ ಚಾಲಕ ನೋಡುವುದು ಮುಳ್ಳು ಎಲ್ಲಿದೆ ಎಂಬುದಕ್ಕಿಂತ ಎಷ್ಟು ಬೇಗ ಏರುತ್ತಿದೆ ಎಂಬುದನ್ನು.

ಇಂಥ ಏರಿನಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಇಂಜಿನ್ನಿನ ಸದ್ದು ಕಡಿಮೆಯಾಗಲೆಂದು ನಾಲ್ಕನೆಯ ಗೇರಿನಲ್ಲೇ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿಯುವುದು. ಫ್ಯಾನು ಇಂಜಿನ್ನಿನ ಸುತ್ತಿಗೇ ಕಟ್ಟುಬಿದ್ದಿರುವುದರಿಂದ, ಸುತ್ತು ಕಡಿಮೆಯಾಗಿ ಹೊರೆ ಹೆಚ್ಚಾದಾಗ ಬಿಸಿ ಹೆಚ್ಚು ಹುಟ್ಟಿ ಗಾಳಿ ಕಡಿಮೆ ಬರುತ್ತದೆ. ಅದೇ ವೇಗದಲ್ಲಿ ಮೂರನೆಯ ಗೇರಿಗೆ ಇಳಿಸಿದರೆ ಸದ್ದು ಹೆಚ್ಚಿದರೂ ಫ್ಯಾನೂ ಆಯಿಲ್ ಪಂಪೂ ಚುರುಕಾಗುತ್ತವೆ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಲಾರಿ ಓಡಿಸುವವರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಿಲ್ಲ. ತುದಿ ತಲುಪಿದ ಮೇಲೆ ಇಂಜಿನ್ನನ್ನು ತಟ್ಟನೆ ಆರಿಸದೆ ಒಂದೆರಡು ನಿಮಿಷ ಹಗುರವಾಗಿ ಓಡಲು ಬಿಡುವುದೂ ಇದೇ ವಿವೇಕದ ಭಾಗ.

ಮುಳ್ಳಿನ ಅಂಕಿಗೆ ಹೊರಗಿನ ಗಾಳಿಯ ಬಿಸಿಯನ್ನು ಜೋಡಿಸದೆ ಅರ್ಥವಿಲ್ಲ. ಹವೆ 20 ಡಿಗ್ರಿಯಿಂದ 40ಕ್ಕೆ ಏರಿದರೆ ಎಣ್ಣೆಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 1970ರ ದಶಕದಲ್ಲಿ ಇಸ್ತಾಂಬುಲ್, ಟೆಹರಾನ್, ಕಾಬೂಲ್ ದಾಟಿ ಗೋವೆಯ ಕಡಲತೀರಕ್ಕೆ ಬರುತ್ತಿದ್ದ ಯುರೋಪಿನ ತರುಣರ ವ್ಯಾನುಗಳು ತಮ್ಮ ಊರಿನ ಹವೆಗೆ ತಕ್ಕಂತೆ ಹೊಂದಿಸಿದ ಇಂಜಿನ್ನುಗಳನ್ನು ಇರಾನಿನ ಮರುಭೂಮಿಯಲ್ಲಿ ಓಡಿಸಿದ್ದನ್ನು ನೆನೆದರೆ, ದಾರಿಯುದ್ದಕ್ಕೂ ಅವು ಕೆಟ್ಟು ನಿಂತಿರಬಹುದಾದುದಕ್ಕಿಂತ ತಲುಪಿದ್ದೇ ಹೆಚ್ಚಿನ ಸೋಜಿಗ. ಆದ್ದರಿಂದ ಸಮತಟ್ಟು ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಹೊರಗಿನ ಹವೆ ಇಷ್ಟಿದ್ದಾಗ ಮುಳ್ಳು ಇಷ್ಟರಲ್ಲಿ ನಿಂತಿತು ಎಂದು ಪ್ರತಿ ಪ್ರವಾಸದಲ್ಲೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಮೀಟರಿಗಿಂತ ಬೆಲೆಬಾಳುವಂಥದ್ದು. 105 ಎಂಬ ಅಂಕಿ ಒಂದು ವ್ಯಾನಿಗೆ ಆರೋಗ್ಯ, ಸದಾ 90ರಲ್ಲಿ ನಿಲ್ಲುತ್ತಿದ್ದ ಇನ್ನೊಂದಕ್ಕೆ ರೋಗದ ಲಕ್ಷಣ.

ಹಾಗೆ ಹದ ತಪ್ಪಿ ಏರಿದಾಗ ಕಾರಣ ಬಹುಮಟ್ಟಿಗೆ ಎಣ್ಣೆಯಲ್ಲಿರುವುದಿಲ್ಲ. ಇಂಜಿನ್ನಿನ ಸುತ್ತಲೂ ತಗಡಿನ ಹೊದಿಕೆಗಳಿದ್ದು, ಅವು ಮೇಲಿನ ತಂಪು ಗಾಳಿಯನ್ನೂ ಕೆಳಗೆ ಹೊರಬೀಳುವ ಬಿಸಿ ಗಾಳಿಯನ್ನೂ ಬೇರೆ ಬೇರೆಯಾಗಿ ಇಡುತ್ತವೆ; ಹೊದಿಕೆಯ ಅಂಚಿಗೂ ಗಾಡಿಯ ಮೈಗೂ ನಡುವೆ ರಬ್ಬರಿನ ಪಟ್ಟಿಯೊಂದು ಸುತ್ತುಗಟ್ಟಿರುತ್ತದೆ. ಐವತ್ತು ವರ್ಷದ ಗಾಡಿಯಲ್ಲಿ ಆ ಪಟ್ಟಿ ಒಣಗಿ ಉದುರಿರುತ್ತದೆ, ಯಾವಾಗಲೋ ರಿಪೇರಿ ಮಾಡಿದವರು ಒಂದೆರಡು ತಗಡುಗಳನ್ನು ಮರಳಿ ಹಾಕದೆ ಮೂಲೆಗೆ ಎಸೆದಿರುತ್ತಾರೆ, ಆಗ ಫ್ಯಾನು ತಾನೇ ಹೊರಹಾಕಿದ ಬಿಸಿ ಗಾಳಿಯನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಸ್ಪಾರ್ಕ್ ಬೇಗ ಹಾರುವಂತೆ ಟೈಮಿಂಗ್ ತಪ್ಪಿರುವುದು, ಎಲ್ಲೋ ಗಾಳಿ ಸೋರಿ ಪೆಟ್ರೋಲಿನ ಮಿಶ್ರಣ ತೆಳುವಾಗಿರುವುದು, ಕೂಲರಿನ ರೆಕ್ಕೆಗಳಲ್ಲಿ ಎಣ್ಣೆ ಮೆತ್ತಿದ ಧೂಳು ಕಟ್ಟಿರುವುದು ಇತರ ಕಾರಣಗಳು. ತಣ್ಣನೆಯ ದಪ್ಪ ಎಣ್ಣೆ ಕೂಲರನ್ನು ಒಡೆಯದಿರಲೆಂದು ಅದನ್ನು ಬಳಸುದಾರಿಗೆ ತಿರುಗಿಸುವ ಒತ್ತಡದ ವಾಲ್ವು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ, ಎಣ್ಣೆ ಕೂಲರಿನ ಮುಖವನ್ನೇ ನೋಡದೆ ಸುತ್ತುತ್ತಿರುತ್ತದೆ.

ಈ ಕಾರಣಗಳನ್ನು ಹುಡುಕದೆ ಪರಿಹಾರ ಕೊಳ್ಳುವವರೇ ಹೆಚ್ಚು. ಸಂಪಿನ ಅಡಿಗೆ ಇನ್ನೊಂದು ಒಂದೂವರೆ ಲೀಟರಿನ ತೊಟ್ಟಿ ಜೋಡಿಸಿದರೆ ಎಣ್ಣೆ ಕಾಯಲು ಹಿಡಿಯುವ ಹೊತ್ತು ಹೆಚ್ಚುತ್ತದೆಯೇ ಹೊರತು ದಿನವಿಡೀ ಓಡಿದಾಗ ತಲುಪುವ ಮಟ್ಟ ಹೆಚ್ಚೇನೂ ಇಳಿಯುವುದಿಲ್ಲ. ಇನ್ನೂ ದಪ್ಪ ಎಣ್ಣೆ ಹಾಕಿದರೆ ಒತ್ತಡದ ದೀಪ ಸುಮ್ಮನಾಗುತ್ತದೆ, ಆದರೆ ಒಳಗಿನ ತಿಕ್ಕಾಟದಿಂದಲೇ ಬಿಸಿ ಹೆಚ್ಚುತ್ತದೆ. ಫ್ಯಾನೂ ಥರ್ಮೋಸ್ಟಾಟೂ ಇರುವ ಹೊರಗಿನ ಕೂಲರೊಂದು ಮಾತ್ರ ನಿಜವಾಗಿ ಕೆಲಸ ಮಾಡುವ ಸೇರ್ಪಡೆ, ಅದೂ ತಗಡು, ಟೈಮಿಂಗ್, ಮಿಶ್ರಣ ಸರಿಯಿದ್ದು ಬೆಟ್ಟದ ನಾಡಿನಲ್ಲಿ ಭಾರ ಹೊತ್ತು ಓಡುವ ಗಾಡಿಗೆ. ಕಂಪನಿಯೇ 1980ರ ದಶಕದ ಆರಂಭದಲ್ಲಿ ಮೂರನೆಯ ಪೀಳಿಗೆಯ ವ್ಯಾನಿನಲ್ಲಿ ಗಾಳಿಯನ್ನು ಕೈಬಿಟ್ಟು ನೀರಿಗೆ ಬಂತು. ಬ್ರೆಜಿಲ್‌ನಲ್ಲಿ ಮಾತ್ರ ಗಾಳಿಯ ಇಂಜಿನ್ನಿನ ಟೈಪ್ 2 ವ್ಯಾನು 2005ರವರೆಗೂ ತಯಾರಾಗುತ್ತಿತ್ತು.

ಹೊರದೇಶದಲ್ಲಿ ನೆಲೆಸಿ ಇಂಥ ಹಳೆಯ ವ್ಯಾನೊಂದನ್ನು ಕೊಂಡಿರುವ ಓದುಗರು ಮೀಟರಿಗೆ ಹಣ ಕೊಡುವ ಮೊದಲು ಹಿಂಬದಿಯ ಮುಚ್ಚಳ ಎತ್ತಿ, ಇಂಜಿನ್ನಿನ ಸುತ್ತಲಿನ ರಬ್ಬರ್ ಪಟ್ಟಿ ಪೂರ್ತಿಯಾಗಿದೆಯೇ, ಫ್ಯಾನ್ ಬೆಲ್ಟ್ ಬಿಗಿಯಾಗಿದೆಯೇ, ಎಣ್ಣೆ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯವರೆಗೆ ಇದೆಯೇ ಎಂದು ನೋಡಿಕೊಳ್ಳಲಿ.